ನಂಬಿಕೆಗೂ ಒಂದು ಚೀಟಿ ಇರಲಿ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದೇ ಮಾತು. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಮನೆಯ ರಿಪೇರಿ ಶುರು ಮಾಡಬೇಕು, ಮಳೆ ಹಿಡಿಯುವುದರೊಳಗೆ ಮುಗಿಸಬೇಕು. ಗಲ್ಫಿನಲ್ಲಿರುವ ಪತಿಯೋ ಮಗನೋ ಫೋನಿನಲ್ಲಿ, "ಹಣ ಕಳಿಸುತ್ತೇನೆ, ಒಳ್ಳೆಯ ಮೇಸ್ತ್ರಿಯನ್ನು ನೋಡಿ ಮಾಡಿಸಿಬಿಡು" ಎನ್ನುತ್ತಾರೆ. ಹಣ ಕಳಿಸುವವರು ಅವರು. ಆದರೆ ಮೇಸ್ತ್ರಿಯನ್ನು ಹುಡುಕುವವರು, ಸಿಮೆಂಟಿನ ಲಾರಿ ಬಂದಾಗ ಗೇಟು ತೆರೆಯುವವರು, ಧೂಳಿನ ನಡುವೆ ಅಡುಗೆ ಮಾಡುವವರು, ಕೆಲಸ ಕೆಟ್ಟರೆ ಸೋರುವ ಮಾಡಿನ ಕೆಳಗೆ ಬಕೆಟ್ ಇಡುವವರು ನೀವು. ಆದ್ದರಿಂದ ಸಹೋದರಿ, ಇದು ಗಂಡಸರ ವಿಷಯವೆಂದು ಈ ಪುಟವನ್ನು ಮಗುಚಬೇಡಿ.

ನನ್ನದೇ ಮನೆಯ ಕಥೆಯಿಂದ ಆರಂಭಿಸುತ್ತೇನೆ. ಅದರಲ್ಲಿ ನನಗೆ ಹೆಮ್ಮೆ ಪಡುವಂಥದ್ದೇನೂ ಇಲ್ಲ.

2011ರ ಏಪ್ರಿಲ್. ನಮ್ಮದು ಹಂಚಿನ ಹಳೆಯ ಮನೆ. ಹಿಂಬದಿಗೆ ಅಡುಗೆ ಕೋಣೆ ಮತ್ತು ಬಚ್ಚಲಿಗಾಗಿ ತಾರಸಿ ಸೇರಿಸಿದ್ದೆವು. ಹಂಚು ಬದಲಿಸಬೇಕಿತ್ತು, ತಾರಸಿ ಸೋರುತ್ತಿತ್ತು. ನನ್ನ ತಂದೆಗೆ ಇಪ್ಪತ್ತು ವರ್ಷಗಳಿಂದ ಪರಿಚಯವಿದ್ದ ಮೇಸ್ತ್ರಿಯೊಬ್ಬರು ಬಂದರು. ಸಂಜೆ ಅಸರ್ ನಮಾಝಿನ ನಂತರ ಅವರಿಬ್ಬರೂ ನಮ್ಮ ಜಗಲಿಯಲ್ಲಿ ಕುಳಿತು ಚಾ ಕುಡಿಯುವುದು ದಿನದ ರೂಢಿ. ಚಾ ಮುಗಿಯುವಷ್ಟರಲ್ಲಿ ಮಾತು ಮುಗಿಯಿತು. ಎಲ್ಲ ಸೇರಿ 1,80,000 ರೂಪಾಯಿ. "ಬರೆದಿಡೋಣವೇ?" ಎಂದು ನಾನು ಕೇಳಿದೆ. "ನಮ್ಮವರೇ ಅಲ್ಲವಾ, ಬರೆಯುವುದೆಂಥದ್ದು?" ಎಂದು ತಂದೆ ನಕ್ಕರು. ಮೇಸ್ತ್ರಿಯೂ ನಕ್ಕರು. ನಾನೂ ಸುಮ್ಮನಾದೆ.

ಕೆಲಸ ಶುರುವಾಯಿತು. ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕಿಬಿಡಿ ಎಂದೆ. ಆಗಲಿ ಟೀಚರ್ ಎಂದರು. ಬಚ್ಚಲಿನ ಟೈಲ್ಸ್ ಮೇಲಿನವರೆಗೆ ಹೋಗಲಿ ಎಂದೆ. ಆಗಲಿ ಎಂದರು. ಇನ್ನೊಂದು ಕಿಟಕಿ ಬೇಕೆಂದೆ, ಅದಕ್ಕೂ ಆಗಲಿ ಎಂದರು. ಎಷ್ಟಾಗುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೇ ಕೊನೆಯಲ್ಲಿ ಲೆಕ್ಕ ಬಂದಾಗ ಮೊತ್ತ 2,65,000 ಆಗಿತ್ತು. ನಾವು ಅದಾಗಲೇ ಕೊಟ್ಟದ್ದು 1,90,000. ಪತಿ ಫೋನಿನಲ್ಲಿ ಸಿಟ್ಟಾದರು. ಆ ಸಿಟ್ಟನ್ನು ನಾನು ಮೇಸ್ತ್ರಿಯ ಮೇಲೆ ಹಾಕಿದೆ. ಆಡಬಾರದ ಮಾತೊಂದನ್ನು ಆಡಿದೆ. ತಾರಸಿಯ ಮೇಲಿನ ಸಾರಣೆ ಬಾಕಿಯಿತ್ತು. ಅವರು ಸಾಮಾನು ಕಟ್ಟಿಕೊಂಡು ಹೋದರು. ಜೂನ್ ಮೊದಲ ವಾರ ಮಳೆ ಬಂತು, ಹೊಸ ಅಡುಗೆ ಕೋಣೆ ಸೋರಿತು.

ಸೋರಿದ್ದು ದೊಡ್ಡದಲ್ಲ. ಜಗಲಿಯ ಚಾ ನಿಂತುಹೋಯಿತು. ಮಸೀದಿಯಲ್ಲಿ ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲತೊಡಗಿದರು. ಅವರ ಹೆಂಡತಿ ದಾರಿಯಲ್ಲಿ ಸಿಕ್ಕರೆ ನಾನು ಮುಖ ತಿರುಗಿಸಿದೆ. ಹೀಗೆ ಎಂಟು ತಿಂಗಳು ಕಳೆದವು. 2012ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಮೇಸ್ತ್ರಿ ಜನಾಝಕ್ಕೆ ಬಂದರು, ಮಣ್ಣು ಹಾಕಿದರು, ಯಾರೊಂದಿಗೂ ಮಾತಾಡದೆ ಹೋದರು.

ಆ ನಂತರ ಒಂದು ರಾತ್ರಿ ನಾನು ನೋಟ್‌ಬುಕ್ ತೆರೆದು ಕುಳಿತೆ. ನಾವು ಹೆಚ್ಚುವರಿಯಾಗಿ ಹೇಳಿದ ಕೆಲಸಗಳನ್ನು ಒಂದೊಂದಾಗಿ ಬರೆದು, ಪೇಟೆಯ ದರ ಹಾಕಿ ಕೂಡಿಸಿದೆ. 62,000 ಆಯಿತು. ಅಂದರೆ ಅವರ ಲೆಕ್ಕದಲ್ಲಿ 23,000ದಷ್ಟು ಹೆಚ್ಚಿತ್ತು, ನಮ್ಮ ಲೆಕ್ಕದಲ್ಲಿ 62,000ದಷ್ಟು ಕಡಿಮೆಯಿತ್ತು. ಮೋಸ ಮಾಡಿದವರು ಯಾರೂ ಇರಲಿಲ್ಲ. ಒಂದೇ ಮಾತನ್ನು ಇಬ್ಬರು ಎರಡು ರೀತಿ ನೆನಪಿಟ್ಟುಕೊಂಡಿದ್ದರು, ಅಷ್ಟೆ.

ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಬೇಕೆಂದು ಕಲಿಸುವ ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತವು ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ. ಅವಧಿಯಿಟ್ಟು ಮಾಡುವ ಸಾಲದ ವ್ಯವಹಾರದ ಬಗ್ಗೆ ಅದು ಹೇಳುತ್ತದೆ. ಮುಂಗಡ ಕೊಟ್ಟು, ಬಾಕಿ ಉಳಿಸಿಕೊಂಡು ನಡೆಯುವ ಮನೆ ಕೆಲಸಕ್ಕೆ ಆ ಪಾಠ ಅನ್ವಯಿಸುವುದಿಲ್ಲವೇ? ನಾನು ಅದನ್ನು ಮದ್ರಸದಲ್ಲಿ ಕಲಿತಿದ್ದೆ, ಮಕ್ಕಳಿಗೆ ಕಲಿಸಿದ್ದೆ. ನನ್ನದೇ ಜಗಲಿಯಲ್ಲಿ ಮರೆತಿದ್ದೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಪರಿಚಯದವರೆಂದು ಬರೆಯದೆ ಇರಬೇಡಿ, ಪರಿಚಯ ಉಳಿಯಬೇಕೆಂದೇ ಬರೆಯಿರಿ. ಅದನ್ನು ಹೇಗೆ ಮಾಡುವುದೆಂದು ನೋಡೋಣ.

ಮೊದಲು ಮನೆಯನ್ನು ನೋಡಿ

ಮೇಸ್ತ್ರಿಯನ್ನು ಕರೆಯುವ ಮೊದಲು ನೀವೇ ಒಂದು ಪುಸ್ತಕ ಹಿಡಿದು ಮನೆ ಸುತ್ತಿ. ಎಲ್ಲಿ ಗೋಡೆ ಒದ್ದೆ, ಎಲ್ಲಿ ಬಿರುಕು, ಯಾವ ಪಕ್ಕಾಸಿಗೆ ಗೆದ್ದಲು, ಯಾವ ಸ್ವಿಚ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಬರೆದುಕೊಳ್ಳಿ. ಸೋರುವ ಜಾಗವನ್ನು ಮಳೆಗಾಲದಲ್ಲೇ ಪೆನ್ಸಿಲಿನಿಂದ ಗುರುತು ಹಾಕಿಟ್ಟರೆ ಇನ್ನೂ ಒಳ್ಳೆಯದು. ಏಪ್ರಿಲಿನ ಬಿಸಿಲಿನಲ್ಲಿ ಯಾವ ಮೇಸ್ತ್ರಿಗೂ ಸೋರಿಕೆ ಕಾಣಿಸುವುದಿಲ್ಲ.

ಹಣ ಕಡಿಮೆಯಿದ್ದರೆ ಕ್ರಮ ಹೀಗಿರಲಿ: ಮೊದಲು ಮಾಡು, ನಂತರ ನೀರು ಹೋಗುವ ದಾರಿ, ನಂತರ ವಿದ್ಯುತ್ತು. ನೆಲದ ಟೈಲ್ಸ್ ಮತ್ತು ಬಣ್ಣ ಕೊನೆಗೆ. ನಮ್ಮಲ್ಲಿ ಇದು ಹೆಚ್ಚಾಗಿ ತಿರುಗುಮುರುಗಾಗುತ್ತದೆ. ಮದುವೆಯೋ ಹಬ್ಬವೋ ಬಂತೆಂದು ಬಣ್ಣ ಹೊಡೆಸುತ್ತೇವೆ, ಸೋರುವ ಮಾಡು ಹಾಗೆಯೇ ಉಳಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಎರಡನೇ ಮಳೆಗೆ ಆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಹಂಚಿನ ಮನೆಯನ್ನು ಕೆಡವಿ ತಾರಸಿ ಹಾಕುವ ಮೊದಲೂ ಯೋಚಿಸಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಹಂಚು ನಮ್ಮ ಮಳೆಗೆ ಒಗ್ಗಿಕೊಂಡಿದೆ. ಒಂದು ಹಂಚು ಒಡೆದರೆ ಒಂದನ್ನು ಬದಲಿಸಿದರಾಯಿತು. ಮರ ಗಟ್ಟಿಯಿದ್ದರೆ ರೀಪು, ಪಕ್ಕಾಸು ಬದಲಿಸಿ ಅದೇ ಮಾಡನ್ನು ಇನ್ನೊಂದು ತಲೆಮಾರಿಗೆ ಉಳಿಸಬಹುದು. ನಮ್ಮೂರಿನ ಎಷ್ಟೋ ತಾರಸಿ ಮನೆಗಳ ಮೇಲೆ ಈಗ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿರುವುದನ್ನು ನೀವು ನೋಡಿಲ್ಲವೇ?

ಯಾರನ್ನು ಕರೆಯುವುದು?

"ಒಳ್ಳೆಯ ಕೆಲಸದವರು" ಎಂದು ನಾಲ್ಕು ಜನ ಹೇಳಿದರೆ ಸಾಲದು. ಅವರು ಮಾಡಿದ ಕೆಲಸವನ್ನು ಹೋಗಿ ನೋಡಿ. ನಿನ್ನೆ ಮುಗಿಸಿದ ಮನೆ ಬೇಡ, ಕನಿಷ್ಠ ಒಂದು ಮಳೆಗಾಲ ಕಂಡ ಮನೆ ನೋಡಿ. ಅಲ್ಲಿಯ ಯಜಮಾನರಿಗಿಂತ ಅಡುಗೆ ಕೋಣೆಯಲ್ಲಿರುವ ಸಹೋದರಿಯನ್ನು ಕೇಳಿ. ಸಿಂಕಿನ ಕೆಳಗೆ ನೀರು ನಿಲ್ಲುತ್ತದೆಯೇ, ಬಚ್ಚಲಿನ ನೀರು ತೂತಿನ ಕಡೆಗೇ ಹೋಗುತ್ತದೆಯೇ, ಹೇಳಿದ ದಿನ ಬಂದರೇ, ಕೆಲಸ ಮುಗಿದ ಮೇಲೆ ಕರೆದರೆ ಫೋನು ಎತ್ತುತ್ತಾರೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಆಕೆ ಕೊಡುವ ಉತ್ತರ ನಿಮಗೆ ಸಾಕಷ್ಟನ್ನು ತಿಳಿಸುತ್ತದೆ.

ಕನಿಷ್ಠ ಇಬ್ಬರು ಮೂವರಿಂದ ಅಂದಾಜು ಕೇಳಿ. ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟು ಕೇಳಿ, ಇಲ್ಲವಾದರೆ ಹೋಲಿಸುವುದು ಹೇಗೆ? ಉಳಿದವರಿಗಿಂತ ತೀರಾ ಕಡಿಮೆ ಹೇಳಿದವರನ್ನು ಯಾಕೆಂದು ಕೇಳಿ. ಒಂದೋ ಅವರು ಏನನ್ನೋ ಬಿಟ್ಟಿದ್ದಾರೆ, ಇಲ್ಲವೇ ಕೆಲಸದ ನಡುವೆ ಕೇಳಲಿದ್ದಾರೆ.

ಗಾರೆ ಕೆಲಸದವರೇ ವಯರಿಂಗೂ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ವಯರಿಂಗಿಗೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬೇಕು. ಪರವಾನಗಿಯನ್ನು ತೋರಿಸಲು ಕೇಳುವುದರಲ್ಲಿ ಅವಮಾನವೇನಿಲ್ಲ.

ಚೀಟಿಯಲ್ಲಿ ಏನಿರಬೇಕು?

ವಕೀಲರ ಭಾಷೆ ಬೇಡ. ಮಗಳ ನೋಟ್‌ಬುಕ್ಕಿನ ಎರಡು ಹಾಳೆ ಸಾಕು. ನಿಮ್ಮದೇ ಕನ್ನಡದಲ್ಲಿ ಬರೆಯಿರಿ, ಜೋರಾಗಿ ಓದಿ ಹೇಳಿ, ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳಿರಲಿ. ಒಂದು ಪ್ರತಿ ಅವರಿಗೆ, ಒಂದು ನಿಮಗೆ. ಫೋಟೋ ತೆಗೆದು ಪತಿಗೂ ಕಳಿಸಿ.

ಅದರಲ್ಲಿ ಇವಿಷ್ಟು ಇರಲಿ. ಯಾವ ಯಾವ ಕೆಲಸ, ಎಷ್ಟು ಚದರಡಿ. ಸಾಮಾನು ಯಾರದ್ದು, ಕೂಲಿ ಮಾತ್ರವೇ ಅಥವಾ ಎರಡೂ ಸೇರಿಯೇ. ಸಿಮೆಂಟು, ಪೈಪು, ವಯರು ಯಾವ ಕಂಪೆನಿಯದು, ಐಎಸ್ಐ ಗುರುತು ಇರಲೇಬೇಕು. ಯಾವ ದಿನ ಆರಂಭ, ಯಾವ ದಿನ ಮುಗಿತಾಯ. ಒಡೆದ ಕಲ್ಲು, ಹಳೆಯ ಮರ, ಹಂಚು ಯಾರಿಗೆ ಸೇರಿದ್ದು. ಕಸ ಎತ್ತಿಸುವವರು ಯಾರು. ಸೋರಿದರೆ ಎಷ್ಟು ಕಾಲದವರೆಗೆ ಉಚಿತವಾಗಿ ಸರಿಪಡಿಸಬೇಕು.

ಕೊನೆಗೊಂದು ಸಾಲು ತಪ್ಪದೆ ಸೇರಿಸಿ: ಪಟ್ಟಿಯಲ್ಲಿಲ್ಲದ ಕೆಲಸವನ್ನು ಹೇಳಿದರೆ ಅದರ ಹಣ ಎಷ್ಟೆಂದು ಅಂದೇ ಬರೆದು ಸಹಿ ಹಾಕಿದ ಮೇಲೆಯೇ ಮಾಡುವುದು. ನಮ್ಮ ಮನೆಯನ್ನು ಕೆಡಿಸಿದ್ದು ಈ ಒಂದು ಸಾಲಿನ ಕೊರತೆ. "ಹೇಗೂ ಮಾಡುತ್ತಿದ್ದೀರಲ್ಲ, ಇದೊಂದು ಮಾಡಿಬಿಡಿ" ಎಂದು ನಾವು ಹೆಂಗಸರು ಸುಲಭವಾಗಿ ಹೇಳಿಬಿಡುತ್ತೇವೆ. ಆ "ಇದೊಂದಕ್ಕೆ" ಎರಡು ದಿನದ ಕೂಲಿಯೂ ಮೂರು ಚೀಲ ಸಿಮೆಂಟೂ ಬೇಕೆಂಬುದು ನಮಗೆ ಹೊಳೆಯುವುದಿಲ್ಲ.

ಹಣ ಕೊಡುವ ಕ್ರಮ

ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ, ಕೆಲಸ ಮುಗಿದ ಮೇಲೆಯೂ ಸತಾಯಿಸಬೇಡಿ. ಕೆಲಸವನ್ನು ನಾಲ್ಕೈದು ಹಂತ ಮಾಡಿ: ಸಾಮಾನು ಬಂದಾಗ ಇಷ್ಟು, ಮಾಡು ಮುಗಿದಾಗ ಇಷ್ಟು, ಸಾರಣೆ ಮುಗಿದಾಗ ಇಷ್ಟು. ಹಂತ ಮುಗಿದ ದಿನವೇ ಹಣ ಕೊಡಿ. ಸಾಧ್ಯವಿದ್ದಷ್ಟು ಬ್ಯಾಂಕ್ ಮೂಲಕ ಕೊಡಿ, ನಗದಾದರೆ ಪುಸ್ತಕದಲ್ಲಿ ದಿನಾಂಕದೊಂದಿಗೆ ಸಹಿ ಹಾಕಿಸಿಕೊಳ್ಳಿ. ಹತ್ತರಲ್ಲಿ ಒಂದು ಭಾಗವನ್ನು ಮೊದಲ ದೊಡ್ಡ ಮಳೆಯವರೆಗೆ ಉಳಿಸಿಕೊಳ್ಳುವ ಮಾತನ್ನು ಆರಂಭದಲ್ಲೇ ಆಡಿ, ಚೀಟಿಯಲ್ಲಿ ಬರೆಯಿರಿ. ಮಳೆ ಬಂದು ಸೋರದಿದ್ದರೆ ಮರುದಿನವೇ ಕರೆದು ಕೊಡಿ. ಕೇಳುವವರೆಗೆ ಕಾಯಬೇಡಿ.

ಕಣ್ಣಿಡಬೇಕಾದ ಜಾಗಗಳು

ಕಟ್ಟಡದ ಕೆಲಸ ನಮಗೆ ಗೊತ್ತಿಲ್ಲ ಎನ್ನುತ್ತೀರಾ? ಅಕ್ಕಿ ಹಳತೋ ಹೊಸತೋ ಎಂದು ಮುಟ್ಟಿ ಹೇಳುವ ನಿಮಗೆ ಇದು ಕಷ್ಟವಲ್ಲ.

ಸಿಮೆಂಟು ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳಿಗಿಂತ ಹಳೆಯದಾದರೆ, ಕೈಗೆ ಗಂಟು ಸಿಕ್ಕಿದರೆ, ಹಿಂದಕ್ಕೆ ಕಳಿಸಿ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಿಸಿ.

ಹೊಯಿಗೆಯ ಬಗ್ಗೆ ಎಚ್ಚರವಿರಲಿ. ಕಡಲ ಕಡೆಯ, ಅಳಿವೆಯ ಸಮೀಪದ ಹೊಯಿಗೆಯಲ್ಲಿ ಉಪ್ಪಿರುತ್ತದೆ. ಉಪ್ಪು ಒಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕೆಲವು ವರ್ಷಗಳಲ್ಲಿ ತಾರಸಿಯ ಅಡಿಭಾಗ ತುಂಡು ತುಂಡಾಗಿ ಬೀಳುತ್ತದೆ. ಕಬ್ಬಿಣವು ಕೆಳಗಿನ ಹಲಗೆಗೆ ತಾಗದಂತೆ ಸಣ್ಣ ಸಿಮೆಂಟು ಬಿಲ್ಲೆಗಳನ್ನು ಇಟ್ಟಿದ್ದಾರೆಯೇ ಎಂದು ಕಾಂಕ್ರೀಟು ಹಾಕುವ ಮೊದಲು ಬಗ್ಗಿ ನೋಡಿ.

ನೀರು ಹಾಕುವುದು ಅತ್ಯಂತ ಅಗ್ಗದ ಕೆಲಸ, ಅತ್ಯಂತ ಹೆಚ್ಚು ಮರೆಯುವ ಕೆಲಸವೂ ಅದೇ. ಕಾಂಕ್ರೀಟನ್ನು ಕನಿಷ್ಠ 7 ದಿನ ಒದ್ದೆಯಾಗಿಡಬೇಕು. ಈಗ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಿಗೆ 10 ದಿನ, ಬಿಸಿಲು ಜೋರಿದ್ದರೆ 14 ದಿನ. ಕೆಲಸದವರು ಸಂಜೆ ಹೋಗುತ್ತಾರೆ, ಮನೆಯಲ್ಲಿರುವವರು ನೀವು. ಇದೊಂದನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ತಾರಸಿಗೆ ಹತ್ತು ಅಡಿಗೆ ಒಂದೂಕಾಲು ಇಂಚಿನಷ್ಟು ಇಳಿಜಾರು ಇರಬೇಕು. ಒಂದು ಕೊಡ ನೀರು ಸುರಿದು ನೋಡಿ, ಎಲ್ಲಿಯೂ ನಿಲ್ಲಬಾರದು. ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು ತೂತು ಮುಚ್ಚಿ ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗೆ ಮತ್ತು ಗೋಡೆಯ ಆಚೆಗೆ ಒದ್ದೆ ಬರುತ್ತದೆಯೇ ಎಂದು ನೋಡಿ. ಟೈಲ್ಸ್ ಹಾಕಿದ ಮೇಲೆ ಸೋರಿಕೆ ಹುಡುಕುವುದೆಂದರೆ ಟೈಲ್ಸ್ ಒಡೆಯುವುದೇ.

ವಯರಿಂಗಿನಲ್ಲಿ ಎರಡು ವಿಷಯ ಬಿಡಬೇಡಿ. ಒಂದು ಸರಿಯಾದ ಅರ್ತಿಂಗ್. ಇನ್ನೊಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಗೀಸರೋ ವಾಷಿಂಗ್ ಮೆಷಿನ್ನೋ ಕರೆಂಟು ಸೋರಿಸಿದರೆ ಅದು ಕ್ಷಣದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲೊಂದು ಪರೀಕ್ಷಾ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಒದ್ದೆ ಕೈಯಲ್ಲಿ ದಿನವಿಡೀ ಸ್ವಿಚ್ ಮುಟ್ಟುವವರು ನಾವು. ಟೈಲ್ಸಿನ ಹಣದಲ್ಲಿ ಸ್ವಲ್ಪ ಕಡಿತ ಮಾಡಿಯಾದರೂ ಇದನ್ನು ಹಾಕಿಸಿ.

ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವಾಗ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ಮನೆಗೆ ಹಚ್ಚುವ ಬಣ್ಣಗಳಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಭಾಗವೆಂದು ನಿಗದಿಪಡಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣದ ಧೂಳಿನಲ್ಲಿ ಸೀಸವಿರಬಹುದು, ಅದು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಒದ್ದೆ ಮಾಡಿ ಉಜ್ಜಿಸಿ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಕಲ್ನಾರು ಶೀಟು ತೆಗೆಯುವುದಿದ್ದರೂ ನೀರು ಚಿಮುಕಿಸಿ, ಒಡೆಯದೆ ಇಳಿಸಲು ಹೇಳಿ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಹೆಂಗಸರೇ ಇರುವ ಮನೆಯಲ್ಲಿ

ಗಂಡಸರಿಲ್ಲದ ಮನೆಯಲ್ಲಿ ಹತ್ತು ಜನ ಅಪರಿಚಿತರು ಬೆಳಗ್ಗಿನಿಂದ ಸಂಜೆಯವರೆಗೆ ಓಡಾಡುವುದು ಸುಲಭವಲ್ಲ. ಬರುವ ಹೋಗುವ ಹೊತ್ತನ್ನು ಮೊದಲೇ ನಿಗದಿ ಮಾಡಿ. ಒಂದು ಕೋಣೆಯನ್ನು ಕೊನೆಯವರೆಗೂ ನಿಮಗಾಗಿ ಉಳಿಸಿಕೊಳ್ಳಿ. ಬರುವವರ ಹೆಸರು, ಫೋನ್ ನಂಬರ್ ಪುಸ್ತಕದಲ್ಲಿರಲಿ. ಚಿನ್ನ, ಕಾಗದಪತ್ರಗಳನ್ನು ಲಾಕರಿಗೋ ತವರಿಗೋ ಕಳಿಸಿ. ಏನಾದರೂ ಕಾಣೆಯಾಗಿ ನಿರಪರಾಧಿಯ ಮೇಲೆ ಸಂಶಯ ಪಡುವ ಪಾಪವೂ ತಪ್ಪುತ್ತದೆ.

ನೆರವಿಗೆ ತಮ್ಮನೋ ಮಾವನೋ ಇರಲಿ, ಒಳ್ಳೆಯದೇ. ಆದರೆ ಅಡುಗೆ ಕಟ್ಟೆಯ ಎತ್ತರವನ್ನು ಅವರು ತೀರ್ಮಾನಿಸುವುದು ಬೇಡ. ಅದು ನಿಮ್ಮ ಸೊಂಟದ ಪ್ರಶ್ನೆ. ಮೇಸ್ತ್ರಿಯೊಂದಿಗೆ ನೇರವಾಗಿ, ಸ್ಪಷ್ಟವಾಗಿ ಮಾತಾಡಿ. ಮೂವರು ಮೂರು ರೀತಿ ಹೇಳಿದರೆ ಗೋಡೆಯನ್ನು ಎರಡು ಸಲ ಒಡೆಯಬೇಕಾಗುತ್ತದೆ.

ಅವರಿಗೂ ಹಕ್ಕಿದೆ

ಈಗ ನಮ್ಮ ಕಡೆಯ ಲೆಕ್ಕ ನೋಡೋಣ. ನಮ್ಮ ಮನೆಗೆ ಕಲ್ಲು ಹೊರುವವರಲ್ಲಿ ಉತ್ತರ ಕರ್ನಾಟಕದಿಂದ, ಬಿಹಾರದಿಂದ, ಬಂಗಾಳದಿಂದ ಬಂದ ಹುಡುಗರಿದ್ದಾರೆ. ನಮ್ಮ ಗಂಡಂದಿರೂ ಮಕ್ಕಳೂ ಸೌದಿಯಲ್ಲಿ, ಕತಾರಿನಲ್ಲಿ ಇನ್ನೊಬ್ಬರ ಕಟ್ಟಡದಲ್ಲಿ ದುಡಿಯುವವರೇ. ಅಲ್ಲಿ ಸಂಬಳ ಎರಡು ತಿಂಗಳು ತಡವಾದರೆ ನಮ್ಮ ಒಲೆಗೆ ಏನಾಗುತ್ತದೆಂದು ನಮಗೆ ಗೊತ್ತು. ಹಾಗಿದ್ದೂ ಇಲ್ಲಿ ಶನಿವಾರದ ಕೂಲಿಯನ್ನು ಸೋಮವಾರಕ್ಕೆ ತಳ್ಳುವುದು ಸರಿಯೇ? ಮೇಸ್ತ್ರಿಗೆ ಹಣ ಕೊಟ್ಟಾಗ ಆಳುಗಳಿಗೂ ತಲುಪಿತೇ ಎಂದು ಒಂದು ಮಾತು ಕೇಳಿ. ಕುಡಿಯುವ ನೀರು, ಶೌಚಾಲಯ, ಮಧ್ಯಾಹ್ನ ಕೂರಲು ನೆರಳು ಕೊಡಿ. ಅಟ್ಟಣಿಗೆ ಗಟ್ಟಿಯಿದೆಯೇ ಎಂದು ವಿಚಾರಿಸಿ. ಬಿದ್ದರೆ ಆಸ್ಪತ್ರೆಯ ಖರ್ಚು ಯಾರದ್ದೆಂದು ಚೀಟಿಯಲ್ಲೇ ಬರೆಯಿರಿ. ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿದ ಕಾರ್ಮಿಕರು ಅದರಲ್ಲಿ ನೋಂದಾಯಿಸಿಕೊಳ್ಳಬಹುದು. ಗೊತ್ತಿಲ್ಲದವರಿಗೆ ತಿಳಿಸಿ, ಅರ್ಜಿ ತುಂಬಲು ನಿಮ್ಮ ಮಗಳು ಸಹಾಯ ಮಾಡಲಿ.

ತಕರಾರು ಬಂದರೆ

ಬಂದೇ ಬರುತ್ತದೆ. ಆಗ ಮೊದಲು ಚೀಟಿ ತೆರೆಯಿರಿ, ನಂತರ ಬಾಯಿ ತೆರೆಯಿರಿ. ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಕೂರಿಸಿಕೊಂಡು ಲೆಕ್ಕ ಮಾಡಿ. ಹಣ ಪಡೆದು ಕೆಲಸ ಮಾಡದೆ ಹೋದವರು, ಕೆಟ್ಟ ಕೆಲಸ ಮಾಡಿ ಕೈ ತೊಳೆದುಕೊಂಡವರು ಇದ್ದರೆ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದನ್ನೂ ಸೇವೆ ಎಂದು ಪರಿಗಣಿಸಲಾಗಿದೆ. ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮಾಹಿತಿಗೆ 1915 ಸಹಾಯವಾಣಿ ಇದೆ. ಅಲ್ಲಿಯೂ ಮೊದಲು ಕೇಳುವುದು ಬರವಣಿಗೆ ಮತ್ತು ರಶೀದಿಯನ್ನೇ.

ಕೊನೆಗೆ ನಮ್ಮ ಮೇಸ್ತ್ರಿಯ ವಿಷಯ. ತಂದೆ ತೀರಿದ ಮುಂದಿನ ತಿಂಗಳು ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ಲೆಕ್ಕ ಓದಿ ಹೇಳಿದೆ. ನಮ್ಮಿಂದ ಬರಬೇಕಿದ್ದ 52,000 ರೂಪಾಯಿಯನ್ನು ಮುಂದಿಟ್ಟೆ. ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವರು ಹಣವನ್ನು ಎಣಿಸಲಿಲ್ಲ. ಏಪ್ರಿಲಿನಲ್ಲಿ ಇಬ್ಬರು ಆಳುಗಳೊಂದಿಗೆ ಬಂದು ತಾರಸಿಯ ಸಾರಣೆ ಮಾಡಿಕೊಟ್ಟರು. ಸಂಜೆ ಚಾ ಕೊಟ್ಟಾಗ ಜಗಲಿಯಲ್ಲಿ ತಂದೆಯ ಖಾಲಿ ಕುರ್ಚಿಯನ್ನು ನೋಡುತ್ತಾ, "ಅಂದು ನೀವು ಬರೆಯೋಣ ಎಂದಿರಿ ಟೀಚರ್, ನಾವಿಬ್ಬರೂ ನಗಬಾರದಿತ್ತು" ಎಂದರು.

ತಾರಸಿ ಆಮೇಲೆ ಸೋರಲಿಲ್ಲ. ಈಗ ನಮ್ಮ ಮನೆಯ ಕೆಲಸಕ್ಕೆ ಅವರ ಮಗ ಬರುತ್ತಾನೆ. ಅಳತೆ ತೆಗೆದ ಮೇಲೆ ಅವನೇ ಪುಸ್ತಕ ತೆರೆದು, "ಬರೆಯಿರಿ ಟೀಚರ್" ಎನ್ನುತ್ತಾನೆ. ಚಾ ಅದಾದ ಮೇಲೆ.